ಬೈರಯ್ಯನವರ ಕಾರ್ಡು

ಅಣುವಿದ್ಯುತ್ತಿನ ಬಗ್ಗೆ ಹೇಮಶ್ರೀ ಮಾಡುತ್ತಿದ್ದ ಭಾಷಣದಲ್ಲಿ ಚಪ್ಪಾಳೆ ಬೀಳುವ ಜಾಗ ಒಂದೇ. ಅದು ಅವಳ ಅಪ್ಪನ ಕಾರ್ಡು. ಎಪ್ಪತ್ತು ವರ್ಷದ ಇತಿಹಾಸಕ್ಕೆ, ಮುಂದೆ ಬರಲಿರುವ ಪುಟ್ಟ ರಿಯಾಕ್ಟರುಗಳಿಗೆ, ಥೋರಿಯಂಗೆ ಆಕಳಿಸುತ್ತಿದ್ದ ಜನ ಆ ಕಾರ್ಡು ಪರದೆಗೆ ಬಂದ ಕೂಡಲೇ ನೆಟ್ಟಗೆ ಕೂರುತ್ತಿದ್ದರು. ಒಂಬತ್ತು ವರ್ಷದಿಂದ ಊರೂರು ತಿರುಗಿ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಇವತ್ತು ಮೊದಲ ಸಲ ಕನ್ನಡದಲ್ಲಿ ಹೇಳಬೇಕಿತ್ತು. ಮಲ್ಲೇಶ್ವರಂನ ಕಾಲೇಜೊಂದರಲ್ಲಿ ಹನ್ನೊಂದು ಗಂಟೆಗೆ ಕಾರ್ಯಕ್ರಮ. ದೊಡ್ಡ ಇಂಜಿನಿಯರ್ ಆದರೇನು, ಕನ್ನಡ ಎಲ್ಲಿ ಕೈಕೊಡುತ್ತದೋ ಎಂಬ ಅಳುಕು ಅವಳಿಗೆ. ಹನುಮಂತನಗರದ ಮನೆಯಲ್ಲಿ ಅಪ್ಪ ಅಮ್ಮನನ್ನೇ ಎದುರಿಗೆ ಕೂರಿಸಿಕೊಂಡು ಬೆಳಿಗ್ಗೆ ಒಂದು ಸಲ ಒಪ್ಪಿಸತೊಡಗಿದಳು.

ಬೈರಯ್ಯನವರು ಕಾಫಿ ಲೋಟ ಹಿಡಿದು ಗಂಭೀರವಾಗಿ ಕೂತಿದ್ದರು. ಅಂಜಿನಮ್ಮ ಅವರೆಕಾಯಿ ಸುಲಿಯುತ್ತ ಅರ್ಧ ಕಿವಿ ಕೊಟ್ಟಿದ್ದರು.

"ನಮ್ಮ ತಂದೆ ಹನ್ನೊಂದು ವರ್ಷ ರಿಯಾಕ್ಟರಿನ ಕಟ್ಟಡದೊಳಗೆ ನೆಲ, ಕೊಳವೆ ಒರೆಸಿದವರು. ಮೈಗೆ ಎಷ್ಟು ವಿಕಿರಣ ತಗುಲಿತೆಂದು ಅಳೆಯಲು ಎದೆಗೆ ಸಿಕ್ಕಿಸಿಕೊಳ್ಳುವ ಬ್ಯಾಡ್ಜ್ ಕೊಡುತ್ತಿದ್ದರು. ತಿಂಗಳಿಗೊಮ್ಮೆ ಅದನ್ನು ಪರೀಕ್ಷಿಸಿ ಈ ಕಾರ್ಡಿನಲ್ಲಿ ಬರೆದಿದ್ದಾರೆ. ನೋಡಿ, ಮನೆಯಲ್ಲಿ ಅಡುಗೆ ಮಾಡಿಕೊಂಡಿದ್ದ ನಮ್ಮ ತಾಯಿಗೆ ಪ್ರಕೃತಿಯಿಂದಲೇ ತಗುಲಿದ್ದಕ್ಕಿಂತ ಕೂದಲೆಳೆಯಷ್ಟೂ ಹೆಚ್ಚಿಲ್ಲ!"

ಅಂಜಿನಮ್ಮ ಕಿಸಕ್ಕನೆ ನಕ್ಕರು.

"ಹೆಂಗ್ ಜಾಸ್ತಿ ಇರುತ್ತೆ? ಆ ಬ್ಯಾಡ್ಜು ನನ್ ಜೊತೇಲೇ ಇತ್ತಲ್ಲ, ಅಡುಗೆಮನೇಲಿ, ಸಕ್ಕರೆ ಡಬ್ಬಿ ಹಿಂದೆ."

ಅಮ್ಮ ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ಹೇಮಶ್ರೀಯೂ ನಗಲು ಹೋದಳು. ಆದರೆ ಬೈರಯ್ಯನವರು ಲೋಟದ ತಳ ನೋಡುತ್ತಿದ್ದರು.

"ಅಪ್ಪಾ, ಅಮ್ಮ ಏನ್ ಹೇಳ್ತಿದಾಳೆ?"

"ಹಳೇ ಕತೆ ಬಿಡಮ್ಮ. ನಿಂಗೆ ಟೈಮಾಗುತ್ತೆ."

"ಬ್ಯಾಡ್ಜ್ ಹಾಕ್ಕೊಳ್ದೇ ಒಳಗೆ ಹೋಗ್ತಿದ್ಯಾ?"

"ಕಾರ್ಡಲ್ಲಿ ವರ್ಷದ ಮಿತಿ ತುಂಬಿದ್ರೆ ಆ ವರ್ಷ ಮುಗಿಯೋವರೆಗೂ ಗೇಟಿಂದಾಚೆ ಕಣಮ್ಮ. ಕೆಲಸ ಪರ್ಮನೆಂಟ್ ಆಗ್ತಿರ್ಲಿಲ್ಲ, ಕ್ವಾರ್ಟರ್ಸ್ ಇಲ್ಲ, ನಿಂಗೆ ಆ ಸ್ಕೂಲೂ ಇಲ್ಲ. ಕಂಟ್ರಾಕ್ಟರ್‌ಗೂ ಗೊತ್ತಿತ್ತು. ಕಣ್ಮುಚ್ಕೊಂಡಿದ್ದ."

"ನೀನೊಬ್ನೇನಾ?"

"ಶಿವಲಿಂಗಯ್ಯ, ದಾಸಪ್ಪ... ನಮ್ ಗ್ಯಾಂಗಲ್ಲಿ ಹದಿನಾಲ್ಕು ಜನ. ಎಲ್ಲರ್ದೂ ಮನೇಲೇ ಇರ್ತಿತ್ತು."

ಹೇಮಶ್ರೀ ಭಾಷಣದ ಹಾಳೆ ಕೆಳಗಿಟ್ಟಳು. ಭಾಷಣ ಹಾಳಾಗಿ ಹೋಗಲಿ. ಅಪ್ಪ ಒರೆಸಿದ ಅದೇ ಹಳೆಯ ಅಣುಸ್ಥಾವರ ಇನ್ನೂ ಇಪ್ಪತ್ತು ವರ್ಷ ನಡೆಯಲೆಂದು ಎರಡು ತಿಂಗಳಿಂದ ರಿಪೇರಿ ನಡೆಯುತ್ತಿತ್ತು. ಒರೆಸುವವರು ಒಂದು ಪಾಳಿಯಲ್ಲಿ ಎಷ್ಟು ಹೊತ್ತು ಒಳಗಿರಬಹುದು ಎಂಬ ನಿಯಮ ಬರೆದವಳು ಅವಳೇ. ಅದಕ್ಕೆ ಆಧಾರ ಆ ಹದಿನಾಲ್ಕು ಜನರ ಕಾರ್ಡು. ವರ್ಷಗಟ್ಟಲೆ ಒರೆಸಿದವರಿಗೇ ಏನೂ ತಗುಲಿಲ್ಲವಲ್ಲ ಎಂದು, ಮೊದಲಿದ್ದ ಹೊತ್ತನ್ನು ದುಪ್ಪಟ್ಟು ಮಾಡಿ ಸಹಿ ಹಾಕಿದ್ದಳು.

ಅಡುಗೆಮನೆಯ ಗೋಡೆಯನ್ನು ಅಳೆದು, ಇದು ಮನುಷ್ಯನ ಮೈ ಎಂದು ನಂಬಿದ್ದಳು! ಒಂಬತ್ತು ವರ್ಷ ಅಪ್ಪನ ಕಾರ್ಡು ತೋರಿಸಿದವಳು ಅಪ್ಪನನ್ನು ಒಂದು ಮಾತು ಕೇಳಿರಲಿಲ್ಲ. ಟ್ರಂಕಿನಿಂದ ತೆಗೆದಳು, ಫೋಟೋ ಹೊಡೆದಳು, ಮುಗಿಯಿತು. ಓದಿದವರ ಬುದ್ಧಿಯೇ ಹೀಗೆ. ಎದುರಿಗೆ ಮನುಷ್ಯ ಕೂತಿದ್ದರೂ ಅದು ಕಾಗದವನ್ನೇ ವಿಚಾರಿಸುತ್ತದೆ.

"ಒಂದಿನಾನಾದ್ರೂ ಹೇಳ್ಬಾರ್ದಿತ್ತಾ ಅಪ್ಪಾ?"

"ನೀನು ಕೇಳಿದ್ರೆ ಹೇಳ್ತಿದ್ದೆ."

ಅವಳು ತನ್ನ ಮೇಲಧಿಕಾರಿ ವೇಣುಗೋಪಾಲ್‌ಗೆ ಫೋನ್ ಮಾಡಿ, ಅಪ್ಪ ಹೇಳಿದ್ದನ್ನು ತಿಳಿಸಿ, ರಿಪೇರಿ ಕೆಲಸ ಈಗಲೇ ನಿಲ್ಲಿಸಬೇಕು ಎಂದಳು. ಅವರು ಅತ್ತ ಕಡೆ ನಿಟ್ಟುಸಿರು ಬಿಟ್ಟರು.

"ವಯಸ್ಸಾದವರು ಮೇಡಂ, ಏನೋ ನೆನಪು ತಪ್ಪಿರ್ತಾರೆ. ಬರೆದು ಸಹಿ ಹಾಕಿ ಕೊಡ್ತಾರಾ? ಕೊಟ್ರೆ ಸೋಮವಾರ ನೋಡೋಣ."

ಫೋನಿನ ಮಾತು ಹೊರಗೂ ಕೇಳುತ್ತಿತ್ತು. "ಪೆನ್ಷನ್ ಗತಿ ಏನ್ರೀ?" ಎಂದು ಅಂಜಿನಮ್ಮ ಗಾಬರಿಯಾದರು. ಅವರ ನಗು ಆಗಲೇ ಸತ್ತಿತ್ತು.

"ಹೋದ್ರೆ ಹೋಗ್ಲಿ. ಕೊಡ್ತೀನಿ ಅನ್ನು," ಎಂದರು ಬೈರಯ್ಯ. ಫೋನ್ ಇಟ್ಟ ಮೇಲೆ ಮಗಳ ಕಡೆ ತಿರುಗದೆಯೇ ಹೇಳಿದರು, "ಸೋಮವಾರದವರೆಗೂ ಕಾಯೋಹಂಗಿಲ್ಲ ಹೇಮಾ. ದಾಸಪ್ಪನ ಮಗ ಇದಾನಲ್ಲ, ಅನಿರುದ್ಧ, ಅವನು ಆ ರಿಪೇರಿ ಕೆಲಸದಲ್ಲೇ ಇದಾನೆ. ಒರೆಸೋ ಕೆಲಸ. ಹೋದ ತಿಂಗಳು ಫೋನ್ ಮಾಡಿದ್ದ."

"ಏನಂದ?"

"ಈಗಿನ ಬ್ಯಾಡ್ಜ್ ವಿಕಿರಣ ಜಾಸ್ತಿಯಾದ್ರೆ ಕೂಗುತ್ತಂತಲ್ಲ. ಒಳಗೆ ಹೋಗಿ ಅರ್ಧ ಹೊತ್ತು ಕಳೆಯೋದ್ರೊಳಗೆ ಕೂಗ್ಕೊಳ್ಳುತ್ತಂತೆ. ಹೊರಗೆ ಬಂದ್ರೆ ಸೂಪರ್‌ವೈಸರ್ ಬೈತಾನಂತೆ, ನಿಯಮದ ಪ್ರಕಾರ ಇನ್ನೂ ಟೈಮಿದೆ, ಬ್ಯಾಡ್ಜೇ ಕೆಟ್ಟಿರ್ಬೇಕು ಅಂತ. ಏನ್ಮಾಡ್ಲಿ ದೊಡ್ಡಪ್ಪಾ ಅಂತ ಕೇಳ್ದ."

ಆ ನಿಯಮ ಯಾರದ್ದೆಂದು ಹೇಮಶ್ರೀಗೆ ಯಾರೂ ಹೇಳಬೇಕಿರಲಿಲ್ಲ.

"ನೀನೇನ್ ಹೇಳ್ದೆ?"

ಬೈರಯ್ಯನವರು ಲೋಟ ನೆಲಕ್ಕಿಟ್ಟರು. "ಕೆಲಸ ಹೋಗುತ್ತೆ ಅಂತ ಅಳ್ತಿದ್ದ ಕಣಮ್ಮ. ನಾವು ಮಾಡ್ತಿದ್ದದ್ದನ್ನೇ ಹೇಳ್ಕೊಟ್ಟೆ. ಬ್ಯಾಡ್ಜ್ ತಗೊಂಡು ಹೋಗ್ಬೇಡ, ಬಿಟ್ಟು ಹೋಗು ಅಂದೆ."

ಹೇಮಶ್ರೀ ಅಪ್ಪನ ಜೇಬಿನಿಂದ ಅವರ ಫೋನ್ ಕಿತ್ತುಕೊಂಡು ಅನಿರುದ್ಧನ ನಂಬರ್ ಒತ್ತಿದಳು. ಅತ್ತ ಕಡೆ ರಿಂಗಾಯಿತು, ಆಗುತ್ತಲೇ ಇತ್ತು. ಕಟ್ಟಾಯಿತು. ಮತ್ತೆ ಒತ್ತಿದಳು.

"ಈ ಹೊತ್ನಲ್ಲಿ ಎತ್ತಲ್ಲಮ್ಮ," ಎಂದರು ಬೈರಯ್ಯ. "ಒಳಗೆ ಫೋನ್ ಬಿಡಲ್ಲ."