ಬಣ್ಣ ಬಿಟ್ಟ ಕಂಬಳಿ

ನನ್ನ ತಮ್ಮ ಜಟ್ಟೆಪ್ಪ ಸೊಲ್ಲಾಪುರದ ದವಾಖಾನೆಯಲ್ಲಿ ತೀರಿಕೊಂಡ ಸುದ್ದಿಯನ್ನು ಬೆಳಗಿನ ಮೋಟಾರಿನವನು ನಮ್ಮೂರು ಅಕ್ಕಲಕೋಟೆಗೆ ತಂದ. ನಾನು ಪೂಜೆಗೆ ಕುಳಿತಿದ್ದೆ. ಕೈಯಲ್ಲಿದ್ದ ಭಂಡಾರದ ಅರಿಸಿನಪುಡಿ ನೆಲಕ್ಕೆ ಚೆಲ್ಲಿತು. ಅದು ಐವತ್ತನಾಲ್ಕರ ಚಳಿಗಾಲ.

ಕಂಬಳಿ ವ್ಯಾಪಾರ ನಮಗೆ ತಂದೆಯವರಿಂದ ಬಂದದ್ದು. ಕಪ್ಪು ಕುರಿಯ ಉಣ್ಣೆಯನ್ನೇ ನೂಲಿಸಿ ನೇಯಿಸುತ್ತಿದ್ದೆವು, ಬಣ್ಣ ಮುಟ್ಟಿಸುತ್ತಿರಲಿಲ್ಲ. ಮೂಲೆಯಲ್ಲಿ ನಮ್ಮ ಅಂಗಡಿಯ ಕೆಂಪು ದಾರದ ಗಂಟು ಕಂಡರೆ ಕುರುಬರು ಮಡಿಕೆ ಬಿಚ್ಚಿ ನೋಡದೆ ಒಯ್ಯುತ್ತಿದ್ದರು. ಹತ್ತಿರದ ಹನ್ನೂರಿನಲ್ಲಿ ಕುರುಬರ ದೇವರು ಬೀರೋಬನ ಗದ್ದುಗೆಗೆ ಹಾಸುತ್ತಿದ್ದುದೂ ನಮ್ಮ ಕಂಬಳಿಯನ್ನೇ.

ಆ ವರ್ಷ ಮುಂಬಯಿಯ ವ್ಯಾಪಾರಿಯೊಬ್ಬ ದೊಡ್ಡ ಬೇಡಿಕೆ ಕೊಟ್ಟ. ಕಪ್ಪು ಉಣ್ಣೆ ಸಾಲಲಿಲ್ಲ. ಜಟ್ಟೆಪ್ಪ ಬಿಳಿ ಉಣ್ಣೆಗೆ ಕಪ್ಪು ಬಣ್ಣ ಹಾಕಿಸಿದ.

"ಮುಂಬೈ ಮಂದಿ ಟ್ರಾಮ್ ಕಂಡಾರ, ಕುರಿ ಎಲ್ಲಿ ಕಂಡಾರಣ್ಣಾ?" ಎಂದು ನಕ್ಕ.

"ಆ ಮಾಲಿಗೆ ನಮ್ಮ ಗಂಟು ಹಾಕಬ್ಯಾಡ" ಎಂದೆ.

"ಗಂಟು ನೋಡೇ ಬಂದಾರ. ಅದಿಲ್ಲಂದ್ರ ಮಾಲು ಯಾರು ಒಯ್ತಾರ?"

ಗಂಟು ಹಾಕಿಯೇ ಮುಂಬಯಿಗೆ ಕಳಿಸಿದ. ಮಿಕ್ಕ ಕೆಲವು ಬಣ್ಣದ ಕಂಬಳಿಗಳು ಅಂಗಡಿಯ ಮಾಲಿನಲ್ಲಿ ಬೆರೆತು ಹನ್ನೂರಿಗೆ ಹೋದವು. ಗದ್ದುಗೆಯ ಮೇಲೆ ಹಾಲು ಬಿದ್ದಾಗ ಕಪ್ಪು ನೀರು ಹರಿಯಿತು. ದೇವರ ಮುಂದಿನ ಭಂಡಾರವೆಲ್ಲ ಮಸಿಯಾಯಿತು.

ಪೂಜಾರಿ ಅಮೋಗಸಿದ್ಧ ಆ ಕಂಬಳಿಯನ್ನು ತಂದು ನಮ್ಮ ಅಂಗಡಿಯ ಕಟ್ಟೆಯ ಮೇಲಿಟ್ಟ. ಅವನು ಬೈಯಲಿಲ್ಲ. "ಹಣಮಂತಪ್ಪಾ, ನಿಮ್ಮಪ್ಪನ ಕಾಲದ ಕಂಬಳಿನೂ ಈಗ ಮಂದಿ ನೀರಾಗ ನೆನಸಿ ನೋಡಾಕತ್ತಾರ" ಎಂದಷ್ಟೇ ಹೇಳಿ ಹೋದ.

ಗಿರಾಕಿ ನಿಂತಿತು. ಜಟ್ಟೆಪ್ಪನಿಗೆ ಅನ್ನ ಸೇರಲಿಲ್ಲ. ಒಳ್ಳೆಯ ಕಂಬಳಿಗಳನ್ನು ಹೊತ್ತುಕೊಂಡು ಕೆರೆಗೆ ಹೋಗುವನು. ಸಂತೆಯ ಜನ ಹಾದುಹೋಗುವಾಗ ಸೊಂಟಮಟ್ಟ ನೀರಿನಲ್ಲಿ ನಿಂತು, "ನೋಡ್ರಿ, ಬಣ್ಣ ಬಿಡೂದಿಲ್ಲ" ಎಂದು ಹಿಂಡಿ ತೋರಿಸುವನು.

"ಜಟ್ಟೆಪ್ಪಾ, ಕಂಬಳಿ ಮಾರ್ತೀಯೋ, ಮಸಿ ಮಾರ್ತೀಯೋ?" ಎಂದು ಯಾರೋ ಕೇಳಿದರು. ಉಳಿದವರು ನಕ್ಕರು. ಒಬ್ಬರೂ ದಂಡೆಗೆ ಇಳಿಯಲಿಲ್ಲ. ಆ ಥಂಡಿ ಅವನ ಎದೆಗಿಳಿದು, ಸೊಲ್ಲಾಪುರದ ದವಾಖಾನೆಗೆ ಸೇರಿಸಬೇಕಾಯಿತು.

ಶವ ಮನೆಗೆ ಬಂದಾಗ ಹನ್ನೂರಿನವರೂ ಬಂದರು. ಎಲ್ಲರ ಹೆಗಲ ಮೇಲೂ ಬೇರೆ ಅಂಗಡಿಯ ಕಂಬಳಿ. ಶವಕ್ಕೆ ನೀರು ಹಾಕಿದ ಮೇಲೆ ತಮ್ಮನ ಹೆಂಡತಿ ಗುರುಬಾಯಿ ನಮ್ಮ ಮಗ್ಗದ ಕಂಬಳಿ ತಂದು ಹೊದಿಸಿದಳು. ಅಮೋಗಸಿದ್ಧ ಬಗ್ಗಿ, ಒದ್ದೆಯಾಗಿದ್ದ ಬೆರಳುಗಳಿಂದ ಅದರ ಅಂಚನ್ನು ಉಜ್ಜಿದ. ಆಮೇಲೆ ಬೆರಳು ನೋಡಿಕೊಂಡ. ಬೆರಳಿಗೆ ಏನೂ ಹತ್ತಿರಲಿಲ್ಲ. ಗುರುಬಾಯಿ ಅದನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಂಡಳು. ನನಗೆ ಸಿಟ್ಟು ಬರಲಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ಉಜ್ಜಿ ನೋಡುತ್ತಿದ್ದೆ.

ತಂದೆ ಬೀರೋಬಾ, ನೀನಾದರೂ ನನ್ನ ತಮ್ಮನನ್ನು ಉಜ್ಜಿ ನೋಡದೆ ಹತ್ತಿರ ಕರೆದುಕೋ. ಅವನ ಜೀವಕ್ಕೆ ಶಾಂತಿ ಕೊಡು.