ಗೆರೆಯಿಲ್ಲದ ಹೆಬ್ಬೆಟ್ಟು

"ಯಾರ್ರೀ ಅದು, ಒಳಕ್ಕೆ ರೇಷ್ಮೆ ಹುಳ ತಂದೋರು? ಮೂಗು ಕಿತ್ಕೊಂಡು ಹೋಯ್ತಾ ಐತೆ!"

ಮುನಿಕೃಷ್ಣ ವಕೀಲರು ಕರ್ಚೀಫನ್ನು ಮೂಗಿಗೆ ಒತ್ತಿಕೊಂಡು ವಕೀಲರ ಕೊಠಡಿಯನ್ನೆಲ್ಲ ಒಂದು ಸುತ್ತು ನೋಡಿದರು. ಕೊನೆಗೆ ಕಣ್ಣು ಬಾಗಿಲ ಬಳಿಯ ಮುರುಕು ಕುರ್ಚಿಯ ಮೇಲೆ ನಿಂತಿತು. "ಓ, ಜ್ಯೋತಿಲಕ್ಷ್ಮಿ ಮೇಡಮ್ಮೋರು! ಅದಕ್ಕೇ ಅನ್ನಿ. ಅವ್ವ ನೂಲು ಬುಡ್ತಾಳೆ, ಮಗಳು ರೀಲು ಬುಡ್ತಾಳೆ."

ಕೊಠಡಿ ಘೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಜ್ಯೋತಿಯೇ. ಕಾಲೇಜಿನ ಐದು ವರ್ಷದಲ್ಲಿ ಯಾವ ಮೇಷ್ಟರೂ ಹೇಳಿಕೊಡದ ಕಾಯಿದೆ ಅದು: ನಿನ್ನ ಮೇಲೆ ನಗುವವರು ಬಾಯಿ ತೆರೆಯುವುದಕ್ಕೆ ಮುಂಚೆ ನೀನೇ ನಕ್ಕುಬಿಡು.

ರಾಮನಗರದ ಅಂಚಿನಲ್ಲಿರುವ ಅವಳ ಕಾಲೋನಿಯಲ್ಲಿ ಕಾನೂನು ಓದಿದ ಮೊದಲ ಜೀವ ಅವಳು. ವಕೀಲಿ ಸನ್ನದು ಬಂದ ದಿನ ಹುಡುಗರು ಬೀದಿಯ ಬಾಯಲ್ಲಿ ಆಳೆತ್ತರದ ಫ್ಲೆಕ್ಸ್ ಕಟ್ಟಿದ್ದರು. ಕಪ್ಪು ಗೌನು, ಬಿಳಿ ಬ್ಯಾಂಡು, ಕೈಯಲ್ಲಿ ದಪ್ಪ ಪುಸ್ತಕ. ಹತ್ತಿರ ಹೋಗಿ ನೋಡಿದರೆ ಬಲಗೈ ಹೆಬ್ಬೆಟ್ಟು ಮಾತ್ರ ಅಂಗೈಯೊಳಗೆ ಮಡಚಿಕೊಂಡಿತ್ತು. ಒಂಬತ್ತನೇ ವಯಸ್ಸಿನಲ್ಲಿ ನಂಜುಂಡಯ್ಯನ ಫಿಲೇಚರಿನಲ್ಲಿ, ಅಂದರೆ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯಲ್ಲಿ, ಅವ್ವನ ಜೊತೆ ಕೂತು ಕುದಿಯುವ ನೀರಿನಲ್ಲಿ ಗೂಡಿನ ಎಳೆ ಹುಡುಕುವಾಗ ಬೆಂದ ಹೆಬ್ಬೆಟ್ಟು ಅದು. ಅರ್ಧ ಗೆರೆ, ಅರ್ಧ ನುಣುಪು. "ನಮ್ಮ ತಂದೆಯವರದು ರೇಷ್ಮೆ ಬಿಸ್ನೆಸ್ಸು" ಎಂದು ಕಾಲೇಜಿನಲ್ಲಿ ಹೇಳಿಕೊಂಡು ತಿರುಗಿದವಳಿಗೆ ಆ ಬೆರಳನ್ನು ಮಡಚುವುದು ಉಸಿರಾಟದಷ್ಟೇ ರೂಢಿಯಾಗಿತ್ತು.

ಅವ್ವ ಚಿನ್ನಮ್ಮ ಹತ್ತೊಂಬತ್ತು ವರ್ಷ ಅದೇ ಫಿಲೇಚರಿನಲ್ಲಿ ಗೂಡು ಬಿಚ್ಚಿದವಳು. ಹೋದ ಆಷಾಢದಲ್ಲಿ ಬಿಸಿನೀರಿನ ಪೈಪು ಒಡೆದು ಅವಳ ಎಡಗಾಲು ಮೊಣಕಾಲಿಂದ ಕೆಳಗೆ ಬೆಂದುಹೋಯಿತು. ನಂಜುಂಡಯ್ಯ ಆಸ್ಪತ್ರೆಯ ಕಡೆ ತಲೆಯನ್ನೂ ಹಾಕಲಿಲ್ಲ. ಕೇಸು ಹಾಕಿದ ಮೇಲೆ ಕೋರ್ಟಿಗೆ ಬಂದು, "ಯಾವ ಚಿನ್ನಮ್ಮ? ಯುಗಾದಿಗೇ ಕೆಲ್ಸ ಬುಟ್ಟೋದ್ಲಲ್ಲ! ಆಮ್ಯಾಕೆ ಎಲ್ಲಿ ಬಿದ್ದು ಬೆಂದ್ಲೋ ನಂಗೇನು ಗೊತ್ತು?" ಎಂದ. ಕೆಲಸ ಬಿಟ್ಟಿದ್ದಕ್ಕೆ ಅವಳೇ ಒತ್ತಿದ ಹೆಬ್ಬೆಟ್ಟು ಎಂದು ಒಂದು ರಿಜಿಸ್ಟರನ್ನೂ ಒಪ್ಪಿಸಿದ. ಅವನ ಪರ ಮುನಿಕೃಷ್ಣರು. ಅವ್ವನ ಪರ ನಿಲ್ಲಲು ಬೇರೆ ಯಾವ ವಕೀಲರೂ ಒಪ್ಪದೆ ಜ್ಯೋತಿಯೇ ನಿಂತಿದ್ದಳು. ಫಿಲೇಚರಿನಲ್ಲಿ ಅವ್ವನ ಪಕ್ಕದ ಒಲೆ ಮುಂದೆ ಕೂರುವ ಜುವೇರಿಯಾ ಪೈಪು ಒಡೆದದ್ದನ್ನು ಕಣ್ಣಾರೆ ಕಂಡಿದ್ದಳು. ಆದರೆ ಸಾಕ್ಷಿಗೆ ಕರೆದಾಗ, "ಬಂದು ಹೇಳಿದ್ರೆ ನಾಳೀಕೆ ನನ್ ಒಲೆ ಮುಂದೆ ಬ್ಯಾರೆಯೋಳು ಕೂತಿರ್ತಾಳೆ ಕಣವ್ವ" ಎಂದು ಕೈಮುಗಿದಿದ್ದಳು.

"ಏ ಜ್ಯೋತಿ, ಬೇಜಾರಾಯ್ತಾ ಐತೆ. ಒಸಿ ಆ ಗೂಡು ಬಿಚ್ಚೋಳ್ನ ಮಾಡಮ್ಮ," ಎಂದರು ಮುನಿಕೃಷ್ಣರು.

ಅಣಕ ಅವಳಿಗೆ ಹುಟ್ಟಿನಿಂದ ಬಂದದ್ದು. ಜಡ್ಜ್ ಸಾಹೇಬರ ಕೆಮ್ಮು, ಕೋರ್ಟಿನ ಜವಾನ ಸಾಬೀರ್ ಸಾಬರು ಹೆಸರು ಕೂಗುವಾಗಿನ ರಾಗ, ಎಲ್ಲವನ್ನೂ ಹಾಗೇ ಇಳಿಸಿಬಿಡುತ್ತಿದ್ದಳು. ಆ ಮುರುಕು ಕುರ್ಚಿ ಸಿಕ್ಕಿದ್ದೂ ಅದರಿಂದಲೇ. ಅವಳು ಎದ್ದು ಗೌನನ್ನು ತಲೆಯ ಮೇಲೆ ಸೆರಗಿನಂತೆ ಎಳೆದುಕೊಂಡಳು. ಬೆನ್ನು ಬಗ್ಗಿಸಿದಳು. ಹೆಬ್ಬೆಟ್ಟನ್ನು ಮುಂದೆ ಚಾಚಿ ನಡುಗಿಸಿದಳು.

"ಸಾಮೀ... ನಾನ್ ಓದ್ದೋಳಲ್ಲ ಸಾಮಿ... ಎಬ್ಬೆಟ್ಟು ಎಲ್ ಮಡಗ್ಲಿ ಸಾಮಿ? ಇಲ್ಲಾ? ಅಲ್ಲಾ? ನಿಮ್ ಅಂಗಿ ಮ್ಯಾಲಾ?"

ಮೇಜು ಗುದ್ದಿ ನಕ್ಕರು. ಒಬ್ಬರು ಕಣ್ಣೊರೆಸಿಕೊಂಡರು. ಆಮೇಲೆ ನಗು ಬಾಗಿಲ ಕಡೆಯಿಂದ ಒಂದೊಂದಾಗಿ ಆರುತ್ತ ಬಂತು. ಜ್ಯೋತಿ ತಿರುಗಿ ನೋಡಿದಳು.

ಹೊಸ್ತಿಲಾಚೆ ಚಿನ್ನಮ್ಮ ನಿಂತಿದ್ದಳು. ಬೆಂದ ಕಾಲನ್ನು ಓರೆಯಾಗಿ ಊರಿದ್ದಳು. ಕೈಯಲ್ಲಿ ಊಟದ ಡಬ್ಬಿ.

"ಮುದ್ದೆ ಆರೋಯ್ತದೆ ಮಗ," ಎಂದಳು. ಡಬ್ಬಿಯನ್ನು ಹೊಸ್ತಿಲ ಮೇಲಿಟ್ಟು, ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು ಹೋದಳು.

ಆಮೇಲೆ ಮನೆಯಲ್ಲಿ ಅದರ ಮಾತೇ ಬರಲಿಲ್ಲ. ಬೈದಿದ್ದರೆ, ಪೊರಕೆ ತೆಗೆದುಕೊಂಡಿದ್ದರೆ ಜ್ಯೋತಿ ಬದುಕಿಕೊಳ್ಳುತ್ತಿದ್ದಳು. ಆದರೆ ಚಿನ್ನಮ್ಮ ಎಂದಿನಂತೆ ಸೊಪ್ಪು ಸೋಸಿದಳು, ಎಂದಿನಂತೆ ಬಡಿಸಿದಳು. ಬಡಿಸಿದ ಕೂಡಲೇ ಕೈ ಸೆರಗಿನೊಳಗೆ ಹೋಗುತ್ತಿತ್ತು, ಅಷ್ಟೆ.

ಶನಿವಾರ ರೇಷನ್ ಅಂಗಡಿಗೆ ಮಗಳೂ ಜೊತೆಗೆ ಹೋದಳು. ಅಂಗಡಿಯವನು ಬೆರಳಚ್ಚಿನ ಮೆಷಿನ್ನನ್ನು ಮುಂದೆ ತಳ್ಳಿದ.

"ಒತ್ತಮ್ಮ. ಇನ್ನೊಂದ್ಸಲ. ಆ ಕೈ. ಕಿರುಬೆರಳು." ಹತ್ತು ಬೆರಳೂ ಮುಗಿದವು. ಮೆಷಿನ್ನು ಕೆಂಪು ದೀಪ ತೋರಿಸಿ ಕುಯ್ಯೋ ಎಂದಿತು. "ಥೂ, ಪ್ರತಿ ತಿಂಗಳೂ ನಿಂದಿದೇ ಗೋಳು. ನೀನು ಮನುಷ್ಯಳೇ ಅಲ್ಲ ಅಂತೈತೆ ಕಣಮ್ಮ ಮೆಷಿನ್ನು! ಅತ್ಲಾಗ್ ಸರ್ಕೊ, ಹಿಂದ್ಲೋರು ಬರ್ಲಿ."

ಸಾಲಿನಲ್ಲಿದ್ದವರು ಕಿಸಕ್ಕೆಂದರು. ಚಿನ್ನಮ್ಮ ತಾನೂ ನಕ್ಕಳು. "ನನ್ ಎಬ್ಬೆಟ್ ಕಂಡ್ರೆ ಆ ಮಿಸೀನ್‌ಗೆ ನಾಚ್ಕೆ ಕಣಪ್ಪ. ಕಣ್ ಮುಚ್ಕತದೆ."

ಎಲ್ಲರಿಗಿಂತ ಮುಂಚೆ ನಕ್ಕುಬಿಡುವ ಕಾಯಿದೆ ತನಗೆ ಎಲ್ಲಿಂದ ಬಂತು ಎಂದು ಜ್ಯೋತಿಗೆ ಆಗ ತಿಳಿಯಿತು. ಅವಳು ಅವ್ವನ ಕೈಯನ್ನು ಹಿಡಿದು ಬೆಳಕಿಗೆ ತಿರುಗಿಸಿದಳು. ಹತ್ತೊಂಬತ್ತು ವರ್ಷ ಹುಳದ ನೀರಲ್ಲಿ ನೆಂದು ಬೆಂದು, ಬೆರಳ ತುದಿಗಳೆಲ್ಲ ಹೊಳೆಯ ಕಲ್ಲಿನಂತೆ ನುಣ್ಣಗಾಗಿದ್ದವು. ಒಂದು ಗೆರೆಯೂ ಇಲ್ಲ.

"ಅವ್ವಾ, ಇದು ಯಾವಾಗಿಂದ ಹಿಂಗೈತೆ?"

"ನೀನ್ ಇಸ್ಕೂಲ್ ಸೇರ್ದಾಗ್ಲೇ ಅಳ್ಸೋಯ್ತಲ್ಲ. ಯಾಕೆ, ನೀನ್ ನೋಡಿರ್ನಿಲ್ವಾ?"

ನೋಡಿರಲಿಲ್ಲ. ನಂಜುಂಡಯ್ಯನ ರಿಜಿಸ್ಟರಿನ ನಕಲು ಒಂದು ತಿಂಗಳಿಂದ ಅವಳ ಚೀಲದಲ್ಲೇ ಇತ್ತು. ಅದರಲ್ಲಿ ಚಿನ್ನಮ್ಮನ ಹೆಸರಿನ ಮುಂದೆ ಬಾಚಣಿಗೆಯಲ್ಲಿ ಬಾಚಿದಂಥ ಸೊಗಸಾದ ಗೆರೆಗಳ ಹೆಬ್ಬೆಟ್ಟಿತ್ತು. ಆ ಕೈ ತೆಗೆದ ನೂಲು ಮಾರಿ ಎರಡಂತಸ್ತು ಕಟ್ಟಿದವನು ಆ ಕೈಯನ್ನು ಒಂದು ದಿನವೂ ನೋಡಿರಲಿಲ್ಲ. ಅದಕ್ಕೇ ಯಾರದೋ ಬೆರಳು ಒತ್ತಿಸಿ ಸಿಕ್ಕಿಬಿದ್ದಿದ್ದ. ಆ ಕೈಯ ತುತ್ತು ತಿಂದು ವಕೀಲೆಯಾದವಳೂ ನೋಡಿರಲಿಲ್ಲ. ಅಷ್ಟರ ಮಟ್ಟಿಗೆ ವಾದಿಯ ವಕೀಲೆಗೂ ಪ್ರತಿವಾದಿಗೂ ರಾಜಿಯಾಗಿತ್ತು.

"ಅವ್ವಾ, ಸೋಮವಾರ ನೀನು ಕೋರ್ಟಲ್ಲಿ ಹೆಬ್ಬೆಟ್ಟು ಒತ್ತಿ ತೋರ್ಸ್ಬೇಕು."

"ಈ ಕೈಯ್ಯಾ? ಅಷ್ಟ್ ಜನದ್ ಮುಂದೆ?" ಚಿನ್ನಮ್ಮನ ದನಿಯಲ್ಲಿ ಕೊಂಕಿರಲಿಲ್ಲ. "ನಿಂಗ್ ಅವ್ಮಾನ ಆಗಾಕಿಲ್ವಾ ಮಗ?"

ಸೋಮವಾರ ಸಾಬೀರ್ ಸಾಬರು ಮೂರು ಸಲ ಕೂಗಿದರು. ಕಟಕಟೆಯಲ್ಲಿ ನಿಂತಿದ್ದ ನಂಜುಂಡಯ್ಯ ಜ್ಯೋತಿಯ ಕಡೆ ನೋಡದೆ ಗೋಡೆಯ ಕಡೆ ಉತ್ತರ ಹೇಳಿದ.

"ರಿಜಿಸ್ಟರಲ್ಲಿರೋ ಈ ಹೆಬ್ಬೆಟ್ಟು ಚಿನ್ನಮ್ಮಂದೇ ಏನ್ರಿ?"

"ಇನ್ನೇನ್ ನಿಮ್ಮಪ್ಪಂದಾ? ನನ್ ಕಣ್ಮುಂದೆ ಒತ್ತವ್ಳೆ."

"ಮಾತು ನೆಟ್ಟಗಿರಲಿ," ಎಂದರು ಜಡ್ಜು.

"ಹಾಗಾದರೆ ಇಲ್ಲೇ ಒತ್ತಿಸಿ ನೋಡಬೇಕು ಸ್ವಾಮಿ," ಎಂದಳು ಜ್ಯೋತಿ.

ಮಸಿಡಬ್ಬಿ ಬಂತು. ಚಿನ್ನಮ್ಮ ಕುಂಟುತ್ತ ಬಂದು, ಒಂದೇ ಒಂದು ಬೆರಳನ್ನು ಸೆರಗಿನಿಂದ ಹೊರಗೆ ಹಾಕಿ ಒತ್ತಿದಳು. ಬಿಳಿ ಹಾಳೆಯ ಮೇಲೆ ಕರೀ ಬೊಟ್ಟು. ಮಸಿ ಒರೆಸಿ ಇನ್ನೊಮ್ಮೆ. ಮತ್ತೆ ಬೊಟ್ಟೇ. ಜಡ್ಜು ಕನ್ನಡಕ ಏರಿಸಿ ರಿಜಿಸ್ಟರನ್ನೂ ಹಾಳೆಯನ್ನೂ ಪಕ್ಕಪಕ್ಕ ಹಿಡಿದರು. ಚಿನ್ನಮ್ಮ ಹಿಂದಿನ ಬೆಂಚಿಗೆ ಹೋಗಿ ಕುಳಿತಳು.

ಮುನಿಕೃಷ್ಣರು ಎದ್ದರು. "ಸ್ವಾಮಿ, ಇದು ಬೇಕಂತಲೇ ಕಲ್ಲಿಗೆ ತಿಕ್ಕಿಕೊಂಡು ಬಂದಿರೋ ಕೈ. ಕೇಸಿಗೋಸ್ಕರ ಇಂಥೋರು ಏನು ಬೇಕಾದ್ರೂ ಮಾಡ್ತಾರೆ. ಹುಳದ ನೀರಿಗೆ ಗೆರೆ ಹೋಗುತ್ತೆ ಅನ್ನೋಕೆ ಸಾಕ್ಷಿ ಯಾರು? ಒಬ್ಬ ಕೂಲಿಯವಳಾದ್ರೂ ಬಂದವ್ಳಾ?" ಅವರು ವಕೀಲರ ಸಾಲಿನ ಕಡೆ ತಿರುಗಿ ಕಣ್ಣು ಮಿಟುಕಿಸಿದರು. "ಅಥವಾ ಮೇಡಮ್ಮೋರೇ ಕೈ ಅದ್ದಿ ನೋಡವ್ರೋ?"

ಸಾಲು ನಕ್ಕಿತು. ಜ್ಯೋತಿಯ ತುಟಿಯೂ ರೂಢಿಯಂತೆ ಅರಳಿತು. ಅರಳಿದ್ದು ಅಲ್ಲೇ ನಿಂತಿತು. ಗೌನಿನ ಮರೆಯಲ್ಲಿ ಹೆಬ್ಬೆಟ್ಟು ಅಂಗೈಗೆ ಉಗುರು ನೆಟ್ಟುಕೊಂಡಿತ್ತು.

ಅವಳು ಕೊರಳಿನ ಬಿಳಿ ಬ್ಯಾಂಡು ಬಿಚ್ಚಿದಳು. ಗೌನು ಕಳಚಿ ಕುರ್ಚಿಗೆ ಹಾಕಿದಳು.

"ಸಾಕ್ಷಿ ನಾನೇ ಸ್ವಾಮಿ."

"ಸಾಕ್ಷಿಯಾದರೆ ಈ ಕೇಸಲ್ಲಿ ನೀವು ಮುಂದಕ್ಕೆ ವಾದ ಮಾಡೋ ಹಾಗಿಲ್ಲ. ಗೊತ್ತಲ್ಲ?" ಎಂದರು ಜಡ್ಜು. "ನಿಮ್ಮ ತಾಯಿಗೆ ಬೇರೆ ವಕೀಲರು ಯಾರಾದರೂ ಇದ್ದಾರಾ?"

"ಇಲ್ಲ ಸ್ವಾಮಿ. ಗೊತ್ತು."

ಜಡ್ಜು ಕರೆಯಿರಿ ಎಂಬಂತೆ ಕೈ ಆಡಿಸಿದರು. ಸಾಬೀರ್ ಸಾಬರು ಕೂಗಿದರು. "ಜ್ಯೋತಿಲಕ್ಷ್ಮೀ... ಜ್ಯೋತಿಲಕ್ಷ್ಮೀ... ಜ್ಯೋತಿಲಕ್ಷ್ಮೀ..." ಎಷ್ಟೋ ಸಲ ತಾನು ಅಣಕಿಸಿದ್ದ ರಾಗ. ನಂಜುಂಡಯ್ಯ ಇಳಿದ ಕಟಕಟೆಗೆ ಅವಳು ಹತ್ತಿದಳು. ಕೇಳುವ ಮುಂಚೆಯೇ ಮಸಿಡಬ್ಬಿಗೆ ಹೆಬ್ಬೆಟ್ಟು ಅದ್ದಿ ಅವ್ವನ ಬೊಟ್ಟಿನ ಪಕ್ಕ ಒತ್ತಿದಳು. ಅರ್ಧ ಗೆರೆ, ಅರ್ಧ ಬೊಟ್ಟು.

ಪ್ರಮಾಣವಾಯಿತು. ಟೈಪಿಸ್ಟು ಹೆಸರು, ವಯಸ್ಸು ಕೇಳಿ ಹೊಡೆದುಕೊಂಡಳು. ಕಸುಬಿನ ಜಾಗಕ್ಕೆ ಬಂದಾಗ ಕೇಳದೆಯೇ 'ವಕೀಲಿ' ಎಂದು ಹೊಡೆಯತೊಡಗಿದಳು.

"ಅದನ್ನ ಅಳಿಸಮ್ಮ," ಎಂದಳು ಜ್ಯೋತಿ. ಆಮೇಲೆ ಜಡ್ಜರ ಕಡೆ ತಿರುಗಿ, ಅವ್ವನ ದನಿಯಲ್ಲಿ, ಅವ್ವನ ಮಾತಿನಲ್ಲಿ ಹೇಳಿದಳು: "ಗೂಡ್ ಬಿಚ್ಚೋದು ಸಾಮಿ. ಒಂಬತ್ನೇ ವಯಸ್ಸಿಂದ. ಇವ್ರ್ ಫಿಲೇಚರ್ನಾಗೇ."

ಇದೂ ಎಂದಿನ ಆಟವೆಂದು ಮುನಿಕೃಷ್ಣರು ಹೋ ಎಂದು ನಕ್ಕರು. ಯಾರೂ ಜೊತೆಗೂಡಲಿಲ್ಲ. ಆ ನಗು ಒಂಟಿಯಾಗಿ ಕೋರ್ಟನ್ನೆಲ್ಲ ಒಂದು ಸುತ್ತು ಸುತ್ತಿ, ಎಲ್ಲೂ ಜಾಗ ಸಿಗದೆ, ಅವರ ಬಾಯಿಗೇ ವಾಪಸು ಬಂತು.

ಹಿಂದಿನ ಬೆಂಚಿನಲ್ಲಿ ಚಿನ್ನಮ್ಮ ಸೆರಗಿನೊಳಗಿಂದ ಎರಡೂ ಕೈ ಹೊರಗೆ ತೆಗೆದಳು. ತೊಡೆಯ ಮೇಲೆ ಅಂಗಾತ ಇಟ್ಟುಕೊಂಡಳು. ಒಂದು ಹೆಬ್ಬೆಟ್ಟಿನ ಮಸಿ ಇನ್ನೂ ಆರಿರಲಿಲ್ಲ.