ಗುಂಡಿಯಲ್ಲಿ ಮಲಗಿದ ಕಾರ್ಪೊರಲ್

ಹೋದ ತಿಂಗಳು ನನ್ನ ಹೆಂಡತಿ ಮೇಬಲ್‌ಳನ್ನು ಮಣ್ಣು ಮಾಡುವಾಗ, ಪೆಟ್ಟಿಗೆ ಇಳಿಸುವ ಮೊದಲು ನಾನು ಗುಂಡಿಯ ಅಂಚಿಗೆ ಹೋಗಿ ಒಳಗೆ ಇಣುಕಿದೆ. ಎಂಬತ್ತೊಂದು ವರ್ಷದ ಮುದುಕ ಕಾಲು ಜಾರಿ ಬಿದ್ದಾನು ಎಂದು ಪಾದ್ರಿಗಳು ಮೆಲ್ಲನೆ ತೋಳು ಹಿಡಿದು ಹಿಂದಕ್ಕೆ ತಂದರು. ನೀರು ನಿಂತಿದೆಯೇ ಎಂದು ನೋಡಿದೆ ಅಂದೆ. ದೇವರ ಅಂಗಳದಲ್ಲಿ ನಿಂತು ಹೇಳಿದ ಸುಳ್ಳು ಅದು. ಆಮೇಲೆ ದೇವರಲ್ಲಿ ಕ್ಷಮೆ ಕೇಳಿಕೊಂಡೆ. ನಿಜವಾಗಿ ನಾನು ನೋಡಿದ್ದು ಒಳಗೆ ಯಾರಾದರೂ ಮಲಗಿದ್ದಾರೆಯೇ ಎಂದು. ಯಾರೂ ಇರಲಿಲ್ಲ. ನಮ್ಮ ಊರಿನವರು ಸಭ್ಯರು.

ಪೂರ್ವ ಆಫ್ರಿಕಾದ ಟಾಂಗನೀಕಾದಲ್ಲಿ ನಾನು ಬ್ರಿಟಿಷರ ಆಫ್ರಿಕನ್ ಪಡೆಯ ಲೆಫ್ಟಿನೆಂಟ್ ಆಗಿದ್ದಾಗ ನನಗೆ ಇಪ್ಪತ್ತನಾಲ್ಕು ವರ್ಷ. ತಬೋರಾ ಪಟ್ಟಣದಿಂದ ಮೂರು ದಿನದ ನಡಿಗೆಯ ದೂರದಲ್ಲಿದ್ದ ಒಂದು ಠಾಣ್ಯಕ್ಕೆ ನಾನೇ ಅಧಿಕಾರಿ. ನನ್ನ ಬಳಿ ಎರಡು ಪುಸ್ತಕಗಳಿದ್ದವು: ಪಾದ್ರಿಯಾಗಿದ್ದ ತಂದೆ ಕೊಟ್ಟ ಪ್ರಾರ್ಥನೆಯ ಪುಸ್ತಕ ಮತ್ತು ಸೈನ್ಯದ ನಿಯಮಗಳ ಪುಸ್ತಕ. ಏನೇ ತೊಡಕು ಬಂದರೂ ಇವೆರಡರಲ್ಲಿ ಒಂದನ್ನು ತೆರೆಯುತ್ತಿದ್ದೆ. ಸಿಪಾಯಿಗಳು ನನ್ನನ್ನು ಬ್ವಾನಾ ಕಿತಾಬು, ಅಂದರೆ ಪುಸ್ತಕದ ಸಾಹೇಬ, ಎಂದು ಕರೆಯುತ್ತಿದ್ದರು. ನನ್ನ ವಿದ್ವತ್ತಿಗೆ ಸಂದ ಗೌರವವೆಂದು ತಿಳಿದು ತಾಯಿಗೆ ಕಾಗದ ಬರೆದೆ. ಆಕೆ ಅದನ್ನು ಅಕ್ಕಪಕ್ಕದವರಿಗೆಲ್ಲ ಓದಿ ಹೇಳಿದಳಂತೆ.

ನನ್ನ ಕೈಕೆಳಗಿದ್ದ ಸಾರ್ಜೆಂಟ್ ಲೌರೆಂಟಿ ಎಂಬಾನೋ ದಕ್ಷಿಣದ ಎಂಗೋನಿ ಜನಾಂಗದವನು. ನಲವತ್ತು ದಾಟಿದ್ದ, ಮಿತಭಾಷಿ. ಕವಾಯತಿನಲ್ಲಿ ನಾನು ಆಜ್ಞೆ ಕೊಟ್ಟರೆ ಅವನು ಅದನ್ನು ತನ್ನ ಗಂಟಲಿನಿಂದ ಮತ್ತೊಮ್ಮೆ ಕೂಗಿ ಹೇಳುತ್ತಿದ್ದ. ಎಂಟು ತಿಂಗಳಲ್ಲಿ ನನ್ನ ಪಡೆ ಒಮ್ಮೆಯೂ ತಪ್ಪು ಹೆಜ್ಜೆ ಇಡಲಿಲ್ಲ. ನಾನು ಹುಟ್ಟು ಸೇನಾನಿ ಎಂದು ನನಗೆ ಖಾತ್ರಿಯಾಗಿತ್ತು.

ಆ ಮಾರ್ಚ್‌ನಲ್ಲಿ ಅವನಿಗೆ ವಿಷಜ್ವರ ಬಂತು. ಎರಡೇ ದಿನ. ಮೂರನೆಯ ಬೆಳಗ್ಗೆ ಅವನ ಹೆಂಡತಿ ಸ್ಕೊಲಾಸ್ಟಿಕಾಳ ಗೋಳು ಇಡೀ ಠಾಣ್ಯಕ್ಕೆ ಕೇಳಿಸಿತು.

ಅವನ ಕ್ಯಾಥೊಲಿಕ್ ಮತದ ಪಾದ್ರಿ ಇದ್ದದ್ದು ತಬೋರಾದಲ್ಲಿ. ಆ ಸೆಕೆಯಲ್ಲಿ ಹೆಣವನ್ನು ಸಂಜೆಯವರೆಗೆ ಇಡುವುದೇ ಕಷ್ಟ. ಪ್ರಾರ್ಥನೆಯನ್ನು ನಾನೇ ಓದುವುದೆಂದಾಯಿತು. ಎರಡು ಗಂಟೆಗೆ ಪಡೆ ಸಾಲಾಗಿ ನಿಂತಿತು. ಆರು ಜನ ಚಟ್ಟ ಹೊತ್ತು ಬಂದರು. ನಾನು ಪುಸ್ತಕ ತೆರೆದೆ.

ಅಷ್ಟರಲ್ಲಿ ಕಾರ್ಪೊರಲ್ ಲುಹೆಂಡೆ ಸಾಲು ಬಿಟ್ಟು ಹೊರಬಂದ. ಅವನು ಆ ಸೀಮೆಯ ನ್ಯಾಮ್ವೇಜಿ ಜನಾಂಗದವನು. ಸತ್ತವನ ಟೋಪಿಯನ್ನು ಹಿಂದುಮುಂದಾಗಿ ಹಾಕಿಕೊಂಡು, ಅವನ ಬೆತ್ತವನ್ನು ಕಂಕುಳಲ್ಲಿ ಇರುಕಿಕೊಂಡು, ಅವನಂತೆಯೇ ಹೊಟ್ಟೆ ಮುಂದೆ ಮಾಡಿ ನಡೆಯುತ್ತ, ಸಿಪಾಯಿಗಳ ಬೂಟು ಕೊಳೆಯಾಗಿದೆಯೆಂದು ಒಬ್ಬೊಬ್ಬರನ್ನೇ ಬೈದ. ಆಮೇಲೆ ಗುಂಡಿಗೆ ಹಾರಿ ಅಂಗಾತ ಮಲಗಿ ಕೈ ಜೋಡಿಸಿಕೊಂಡ.

"ಈ ಎಂಗೋನಿ ಗುಲಾಮನಿಗೆ ನಮ್ಮ ನೆಲ ಕೊಡಾಕಿಲ್ಲ," ಅಂದ. "ಇಲ್ಲಿ ತಂಪಾಗೈತೆ, ನಾನೇ ಮಲಕ್ಕೋತೀನಿ. ಅವನನ್ನ ತಗಂಡೋಗಿ ಕತ್ತೆಕಿರುಬಕ್ಕೆ ಹಾಕ್ರಿ. ಅದೂ ಮೂಸಿ ನೋಡಿ ಬಿಟ್ಟೋಗ್ತದೆ."

ಲುಹೆಂಡೆಯನ್ನು ಹೊರಗೆಳೆದು ಏಳು ದಿನ ಕಾವಲಿನಲ್ಲಿಡಲು ಆಜ್ಞೆ ಕೊಟ್ಟೆ. ನಾಲ್ವರು ಸಿಪಾಯಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಎತ್ತಿ ಕರೆದೊಯ್ದರು. ಧರ್ಮವನ್ನು ಕಾಪಾಡಿದ ಸಮಾಧಾನದಿಂದ ನಾನು ಮುಂದಿನ ಕೆಲಸ ನಡೆಯಲಿ ಅಂದೆ.

ಹೊತ್ತವರು ಚಟ್ಟವನ್ನು ನೆಲಕ್ಕಿಳಿಸಿ ಪಕ್ಕದಲ್ಲಿ ಕುಳಿತುಬಿಟ್ಟರು. ಯಾರೂ ಒಲ್ಲೆ ಅನ್ನಲಿಲ್ಲ, ಯಾರೂ ಅಲ್ಲಾಡಲಿಲ್ಲ. ನಾನು ನಿಯಮಗಳ ಪುಸ್ತಕ ತರಿಸಿ ಅಲ್ಲೇ ನಿಂತು ಹುಡುಕಿದೆ. ಶವಸಂಸ್ಕಾರದಲ್ಲಿ ಬಂದೂಕು ಹೇಗೆ ಹಿಡಿಯಬೇಕೆಂಬುದು ಚಿತ್ರಸಹಿತ ಇತ್ತು. ಮುಕ್ಕಾಲು ಗಂಟೆ ಕಳೆಯಿತು. ನೊಣಗಳು ಬಂದವು.

ಕೊನೆಗೆ ಸ್ಕೊಲಾಸ್ಟಿಕಾ ಎದ್ದು ನನ್ನ ಬಳಿ ಬಂದಳು. ಅತ್ತು ಅತ್ತು ಅವಳ ದನಿ ಒಡೆದಿತ್ತು.

"ಬ್ವಾನಾ, ನಮ್ಮ ಯಜಮಾನ್ರ ಮ್ತಾನೀನ ಯಾಕೆ ಕೂಡಿಹಾಕಿದ್ರಿ?"

ಅವನು ನಿನ್ನ ಗಂಡನಿಗೆ ಅವಮಾನ ಮಾಡಿದ ಅಂದೆ.

"ಹೂಂ, ಮಾಡ್ದ. ಅವನಲ್ದೆ ಇನ್ಯಾರು ಮಾಡ್ಬೇಕು? ನಾವೆಲ್ಲ ಅಳೋರು. ಅಳೋರ ಕೈಲಿ ಹೆಣ ಇಳಿಸೋಕಾಗ್ತದಾ?"

ದಡ್ಡ ಮಗುವಿಗೆ ಹೇಳುವಂತೆ ಅವಳು ಬಿಡಿಸಿ ಹೇಳಿದಳು. ಎಂಗೋನಿಗಳ ಅಜ್ಜಂದಿರೂ ನ್ಯಾಮ್ವೇಜಿಗಳ ಅಜ್ಜಂದಿರೂ ಹಿಂದೆ ಕಾದಾಡಿ, ಕಡೆಗೆ ರಾಜಿಯಾದರಂತೆ. ಅಂದಿನಿಂದ ಇವರೂ ಅವರೂ ಒಬ್ಬರಿಗೊಬ್ಬರು ಮ್ತಾನಿಗಳು, ಅಂದರೆ ಹಾಸ್ಯದ ನಂಟರು. ಒಬ್ಬರನ್ನೊಬ್ಬರು ಎಷ್ಟು ಹೀಯಾಳಿಸಿದರೂ ಕೋಪ ಮಾಡಿಕೊಳ್ಳುವಂತಿಲ್ಲ. ಒಬ್ಬರು ಸತ್ತರೆ ಇನ್ನೊಬ್ಬರೇ ಬಂದು ನಗಿಸಿ ಮಣ್ಣಿಗಿಡಬೇಕು. ಲುಹೆಂಡೆ ಇಳಿಸದೆ ಹೋದರೆ ಅವಳ ಗಂಡ ಮನೆಯ ಬಾಗಿಲಲ್ಲೇ ನಿಂತಿರುತ್ತಾನೆ.

ನಿನ್ನ ಗಂಡ ದೀಕ್ಷಾಸ್ನಾನ ಪಡೆದ ಕ್ರೈಸ್ತನಲ್ಲವೇ ಎಂದು ನಾನು ಕ್ಷೀಣವಾಗಿ ಅಂದೆ.

"ನಾನೂ ಕ್ರೈಸ್ತಳೇ. ಬೆಳಗಿಂದ ಮೂರು ಸಲ ಜಪಮಾಲೆ ಹೇಳಿದೀನಿ. ಅದು ದೇವರಿಗೆ. ಇದು ನಮ್ಮೋರಿಗೆ. ಹೊತ್ತು ಇಳೀತಾ ಐತೆ, ಬ್ವಾನಾ."

ಒಂದು ಗಂಟೆಯ ಹಿಂದೆ ಇಡೀ ಪಡೆಯ ಎದುರು ಕೊಟ್ಟ ಶಿಕ್ಷೆಯನ್ನು ಅದೇ ಪಡೆಯ ಎದುರು ಹಿಂತೆಗೆಯಬೇಕು. ಅಧಿಕಾರಿಯ ಮಾತು ಎರಡಾದರೆ ಅವನಲ್ಲಿ ಉಳಿಯುವುದೇನು? ನನ್ನಲ್ಲಂತೂ ಟೋಪಿ ಬಿಟ್ಟರೆ ಏನೂ ಉಳಿಯುತ್ತಿರಲಿಲ್ಲ. ಆದರೂ ಕಾವಲುಗುಡಿಸಿಲಿಗೆ ನಡೆದೆ. ಲುಹೆಂಡೆ ಗೋಡೆಗೆ ಒರಗಿ ಕಾಲು ಚಾಚಿ ಕುಳಿತಿದ್ದ. ನಿನ್ನನ್ನು ಬಿಟ್ಟಿದ್ದೇನೆ, ಬಾ ಅಂದೆ.

"ಬರಾಕಿಲ್ಲ ಬ್ವಾನಾ. ಏಳು ದಿನ ಅಂದ್ರಿ. ದೊಡ್ಡೋರು ಆಡಿದ ಮಾತು ತಪ್ಪಬಾರ್ದು."

ಬೇಡಿಕೊಂಡೆ. ಹಾಗಾದರೆ ಒಂದು ಕೋಳಿ ಬೇಕು ಅಂದ. ಕೊಡುತ್ತೇನೆ ಅಂದೆ.

"ಕೋಳಿ ಸತ್ತೋರ ಕಡೆಯೋರು ಕೊಡಬೇಕು. ನೀವು ಅವನಿಗೆ ಏನಾಗಬೇಕು?"

ಅದಕ್ಕೆ ಎರಡು ಪುಸ್ತಕಗಳಲ್ಲೂ ಉತ್ತರವಿರಲಿಲ್ಲ. ಎಂಟು ತಿಂಗಳು ನನ್ನ ಬೆನ್ನ ಹಿಂದೆಯೇ ಇದ್ದ ಆ ಗಂಟಲು ನೆನಪಾಯಿತು. ಆಮೇಲೆ, "ಅವನು ನನ್ನನ್ನು ಸಾಕಿದ," ಅಂದೆ.

ಲುಹೆಂಡೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಎದ್ದು ನಿಂತ.

"ಅಂಗಾರೆ ನೀನೂ ನನ್ನ ಗುಲಾಮನೇ. ಆ ಟೋಪಿ ತತ್ತಾ ಇಲ್ಲಿ."

ಟೋಪಿ ಕೊಟ್ಟೆ. ಅವನು ಗುಂಡಿಯ ಬಳಿಗೆ ಹೋಗಿ ಅದನ್ನು ಹಾಕಿಕೊಂಡು, ನನ್ನ ಪ್ರಾರ್ಥನೆಯ ಪುಸ್ತಕವನ್ನು ತಲೆಕೆಳಗಾಗಿ ಹಿಡಿದು, ಕೀರಲು ದನಿಯಲ್ಲಿ "ಬಲಕ್ಕೆ ತಿರುಗಿ!" ಎಂದು ಕೂಗಿದ. ಒಡನೆ ಸತ್ತವನ ಟೋಪಿ ಹಾಕಿಕೊಂಡು, ಎಂಬಾನೋನ ಗಡಸು ಗಂಟಲಿನಲ್ಲಿ "ಎಡಕ್ಕೆ ತಿರುಗಿ!" ಅಂದ. ಮತ್ತೆ ನನ್ನ ಟೋಪಿ: "ಮುಂದೆ ನಡೆಯಿರಿ!" ಮತ್ತೆ ಅವನ ಟೋಪಿ: "ನಿಲ್ಲಿ! ಮುಂದೆ ಹೊಂಡ ಐತೆ!" ಪಡೆಗೆ ಪಡೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅದು ಅವರೆಲ್ಲರಿಗೂ ಗೊತ್ತಿತ್ತು. ಎಂಟು ತಿಂಗಳು ನನ್ನ ಒಂದೊಂದು ತಪ್ಪು ಆಜ್ಞೆಯನ್ನೂ ಆ ಪುಣ್ಯಾತ್ಮ ತನ್ನ ಬಾಯಲ್ಲಿ ಸರಿಮಾಡಿ ಕೂಗಿದ್ದನೆಂದು ಗೊತ್ತಿಲ್ಲದಿದ್ದವನು ನಾನೊಬ್ಬನೇ. ಸ್ಕೊಲಾಸ್ಟಿಕಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದಳು. ನಾನೂ ನಕ್ಕೆ, ನಗುತ್ತ ನಗುತ್ತ ಅದು ಅಳುವಾಗಿಬಿಟ್ಟಿತು. ನಿಲ್ಲಿಸಲಾಗಲಿಲ್ಲ. ಯಾರೂ ನಿಲ್ಲಿಸು ಅನ್ನಲಿಲ್ಲ.

ನನ್ನ ಅಡುಗೆಯವನು ಕೋಳಿ ತಂದುಕೊಟ್ಟ. ಲುಹೆಂಡೆ ಅದನ್ನು ಒಬ್ಬ ಸಿಪಾಯಿಯ ಕೈಗೂ ಪುಸ್ತಕವನ್ನು ನನ್ನ ಕೈಗೂ ಕೊಟ್ಟು ಗುಂಡಿಗಿಳಿದ. ಹೊತ್ತವರು ತಾವಾಗಿಯೇ ಎದ್ದರು. ಅವನು ಎಂಬಾನೋನನ್ನು ಎರಡು ತೋಳುಗಳಲ್ಲಿ ಇಳಿಸಿಕೊಂಡು, ತಲೆಯ ಕೆಳಗೆ ಮಣ್ಣನ್ನು ಅಂಗೈಯಿಂದ ಮೆತ್ತಗೆ ಮಾಡಿ, ಮಲಗಿಸಿದ. ನನಗೆ ಅಕ್ಷರಗಳು ಕಾಣುತ್ತಿರಲಿಲ್ಲ. ಪುಸ್ತಕ ಮುಚ್ಚಿ, ಕರ್ತನೇ, ಈ ನಿನ್ನ ಸೇವಕನನ್ನು ಸೇರಿಸಿಕೋ, ನಾವು ದಾರಿ ಬಲ್ಲವರಲ್ಲ ಎಂದಷ್ಟೇ ಹೇಳಿದೆ.

ಗುಂಡಿಯೊಳಗಿಂದ ಕೆಸರಾದ ಕೈಯೊಂದು ಮೇಲೆ ಬಂತು.

"ಏ ಗುಲಾಮ, ಕೈ ಕೊಡು."

ನಾನು ಮೊಣಕಾಲೂರಿ ಅವನನ್ನು ಎಳೆದುಕೊಂಡೆ. ಆಮೇಲೆ ಎಲ್ಲರೂ ಮಣ್ಣು ಹಾಕಿದೆವು.